ಡೈಲಿ ಲೆನ್ಸಾ, ಮಂತ್ಲಿ ಲೆನ್ಸಾ? ಮನೇಲಿ ಅಬ್ಬಿ ನೀರು, ವಾರಕ್ಕೆ ಮೂರು ದಿನ ಶಿವಮೊಗ್ಗ ಓಡಾಟ

ತೀರ್ಥಹಳ್ಳಿ ಕಡೆಯವಳು:
ನಮಸ್ಕಾರ ಎಲ್ರಿಗೂ. ನಮ್ಮನೆ ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗೋ ದಾರೀಲಿ. ವಾರಕ್ಕೆ ಮೂರು ದಿನ ಕೆಲಸಕ್ಕೆ ಶಿವಮೊಗ್ಗಕ್ಕೆ ಬರ್ತೀನಿ, ರಸ್ತೆವರೆಗೆ ಸ್ಕೂಟಿ ಆಮೇಲೆ ಬಸ್ಸು. ಮಳೆ ಹಿಡೀತು ಅಂದ್ರೆ ಕನ್ನಡಕದ ಪಾಡು ನಿಮಗೆ ಗೊತ್ತೇ ಇರುತ್ತೆ, ಒಳಗಿಂದ ಉಸಿರಿಗೆ ಮಂಜು ಕಟ್ಟುತ್ತೆ ಹೊರಗಿಂದ ಹನಿ, ಒರೆಸ್ಕೊಳೋಣ ಅಂದ್ರೆ ಮೈಮೇಲೆ ಒಣಗಿದ ಬಟ್ಟೆ ಅಂತ ಒಂದು ತುಂಡೂ ಇರಲ್ಲ, ಮೊನ್ನೆ ತಿರುವಲ್ಲಿ ಎದುರಿಗೆ ಬಂದ ಪಿಕಪ್ ಕೊನೇ ಕ್ಷಣದವರೆಗೂ ಕಾಣ್ಲೇ ಇಲ್ಲ. ಅವತ್ತೇ ಕಣ್ಣಿಗೆ ಕಾಂಟ್ಯಾಕ್ಟ್ ಲೆನ್ಸ್ ಹಾಕೋದು ಅಂತ ತೀರ್ಮಾನ ಮಾಡ್ದೆ. ಪವರ್ ಎಡಗಣ್ಣು ಮೈನಸ್ 3.5, ಬಲಗಣ್ಣು ಮೈನಸ್ 4.25. ಡಾಕ್ಟ್ರು ನೋಡಿ ಡೈಲಿ (ಒಂದು ದಿನ ಹಾಕಿ ಎಸೆಯೋದು) ಆದ್ರೂ ಆಗುತ್ತೆ ಮಂತ್ಲಿ ಆದ್ರೂ ಆಗುತ್ತೆ ಅಂದ್ರು. ಅಂಗಡೀಲಿ ಒಬ್ರು ಮಂತ್ಲಿ ತಗೊಳ್ಳಿ, ರಾತ್ರಿ ಹಾಕ್ಕೊಂಡೇ ಮಲಗಬಹುದು, ಉಳಿತಾಯ ಅಂದ್ರು. ಮನೇಲಿ ಗುಡ್ಡದಿಂದ ಪೈಪಲ್ಲಿ ಬರೋ ಅಬ್ಬಿ ನೀರು, ಮಳೇಲಿ ಕೆಂಪಗೆ ಬರುತ್ತೆ. ನೀವಾದ್ರೆ ಎಂತ ತಗೊಳ್ತಿದ್ರಿ?

ಸಾಗರದವ:
ನಾನು ಆರು ವರ್ಷದಿಂದ ಮಂತ್ಲಿ. ದಿನಾ ಹಾಕ್ತೀನಿ, ಅದಕ್ಕೆ ನಂಗೆ ಅದೇ ಸರಿ. ಆದ್ರೆ ರಾತ್ರಿ ಹಾಕ್ಕೊಂಡು ಮಲಗೋ ಮಾತು ದಯವಿಟ್ಟು ಕಿವಿಗೆ ಹಾಕ್ಕೋಬೇಡಿ. ಮಂತ್ಲಿ ಅಂದ್ರೆ ತಿಂಗಳು ಪೂರ್ತಿ ಕಣ್ಣಲ್ಲೇ ಇರ್ಲಿ ಅಂತ ಅಲ್ಲ, ಹಗಲು ಹಾಕಿ ರಾತ್ರಿ ತೆಗೆದು ಸೊಲ್ಯೂಷನ್ನಲ್ಲಿ (ಲೆನ್ಸ್ ತೊಳೆದಿಡೋ ದ್ರವ) ಇಡೋದು. ಕಣ್ಣಿನ ಕರಿಗುಡ್ಡೆ ಮೇಲಿನ ಪಾರದರ್ಶಕ ಪದರ ಇದೆಯಲ್ಲ, ಕಾರ್ನಿಯಾ, ಅದರಲ್ಲಿ ರಕ್ತನಾಳ ಇಲ್ಲ, ಆಕ್ಸಿಜನ್ ಹೆಚ್ಚಾಗಿ ಗಾಳಿಯಿಂದಲೇ ಸಿಗಬೇಕು. ರೆಪ್ಪೆ ಮುಚ್ಚಿದಾಗ್ಲೇ ಅದು ಕಮ್ಮಿ ಆಗಿರುತ್ತೆ, ಒಳಗೆ ಲೆನ್ಸ್ ಬೇರೆ ಇದ್ರೆ ಸೋಂಕು ಹಿಡಿಯೋ ಸಾಧ್ಯತೆ ಎಷ್ಟೋ ಪಟ್ಟು ಜಾಸ್ತಿ. ರಾತ್ರಿಗೂ ಆಗುತ್ತೆ ಅಂತ ಮಾಡಿರೋ ಲೆನ್ಸ್ ಇವೆ ನಿಜ, ಅದನ್ನ ಡಾಕ್ಟ್ರು ಹೇಳ್ಬೇಕೇ ಹೊರತು ಕೌಂಟರ್ ಹಿಂದೆ ಇರೋರಲ್ಲ. ಬಸ್ಸಲ್ಲಿ ತೂಕಡಿಸೋದೂ ನಿದ್ದೆನೇ, ದಾರೀಲಿ ಮಂಡಗದ್ದೆ ಹತ್ರ ಕಣ್ಣು ಎಳೆಯುತ್ತೆ ಗೊತ್ತು, ಆದ್ರೂ.

ಮತ್ತೊಂದು, ಪ್ಯಾಕ್ ಒಡೆದ ದಿನದಿಂದ ತಿಂಗಳ ಲೆಕ್ಕ, ನೀವು ಹನ್ನೆರಡೇ ದಿನ ಹಾಕಿದ್ರೂ 30 ದಿನಕ್ಕೆ ಎಸೀಬೇಕು. ವಾರಕ್ಕೆ ಮೂರೇ ದಿನ ಹಾಕೋರಿಗೆ ಉಳಿತಾಯ ಎಲ್ಲಿಂದ ಬರುತ್ತೆ ಹೇಳಿ?

ಹೊಸನಗರ:
ಅಬ್ಬಿ ನೀರು ಅಂದಿದ್ದು ನೋಡಿ ಬರೀಲೇಬೇಕು ಅನ್ನಿಸ್ತು. ನಂದೂ ಮಂತ್ಲಿನೇ ಆಗಿತ್ತು. ಸೊಲ್ಯೂಷನ್ ಖಾಲಿ ಆದಾಗ ಎರಡು ದಿನ ಕೇಸನ್ನ (ಲೆನ್ಸ್ ಇಡೋ ಡಬ್ಬಿ) ಬಾವಿ ನೀರಲ್ಲಿ ತೊಳೆದೆ, ಕಾಯಿಸಿ ಆರಿಸಿದ ನೀರು ಏನಾಗಲ್ಲ ಅಂತ ಅಂದ್ಕೊಂಡೆ. ಆಮೇಲೆ ಕಣ್ಣು ಕೆಂಪಾಯ್ತು, ಬೆಳಕು ನೋಡಕ್ಕಾಗ್ತಿರ್ಲಿಲ್ಲ, ಮರಳು ಹಾಕಿ ತಿಕ್ಕಿದ ಹಾಗೆ ನೋವು. ಮನೇಲಿದ್ದ ಹಳೇ ಡ್ರಾಪ್ಸ್ ಹಾಕ್ಕೊಂಡು ಎರಡು ದಿನ ಕಳೆದಿದ್ದು ದೊಡ್ಡ ತಪ್ಪು. ಕಾರ್ನಿಯಾದಲ್ಲಿ ಹುಣ್ಣು ಅಂದ್ರು, ಹಗಲು ರಾತ್ರಿ ಗಂಟೆಗೊಂದು ಸಲ ಡ್ರಾಪ್ಸ್, ಅಮ್ಮ ಅಲಾರಂ ಇಟ್ಟು ಏಳ್ತಿದ್ರು. ಕಣ್ಣು ಉಳೀತು, ಸಣ್ಣ ಕಲೆ ಉಳಿದಿದೆ, ರಾತ್ರಿ ಎದುರು ಗಾಡಿ ಲೈಟು ಒಡೆದು ಕಾಣುತ್ತೆ.

ಆಮೇಲೆ ತಿಳ್ಕೊಂಡಿದ್ದು, ಅಕಾಂತಮೀಬಾ ಅನ್ನೋ ಏಕಕೋಶ ಜೀವಿ ಬಾವಿ, ಹೊಳೆ, ನಲ್ಲಿ ಎಲ್ಲಾ ನೀರಲ್ಲೂ ಇರಬಹುದು, ಲೆನ್ಸ್ ಹಾಕೋರಿಗೆ ಅದರ ಸೋಂಕು ಬಂದ್ರೆ ವಾಸಿ ಮಾಡೋದು ಬಹಳ ಕಷ್ಟ. ಹಾಗಾಗಿ ಲೆನ್ಸಿಗಾಗ್ಲಿ ಕೇಸಿಗಾಗ್ಲಿ ಯಾವ ನೀರೂ ತಾಗಬಾರದು. ತುಂಗೇಲಿ ಮುಳುಗು ಹಾಕೋದಾದ್ರೂ ತೆಗೆದೇ ಇಳೀಬೇಕು. ನಿಮಗೆ ಡೈಲಿ ಅಂತ ನನ್ನ ಒತ್ತಾಯ, ಕೇಸೇ ಇಲ್ಲ ಅಂದ್ಮೇಲೆ ಅಷ್ಟು ಅಪಾಯ ಕಮ್ಮಿ. ಕೈ ಸೋಪಲ್ಲಿ ತೊಳೆದು ಪೂರ್ತಿ ಒಣಗಿಸ್ಕೊಂಡೇ ಮುಟ್ಟಿ, ಬೆರಳ ತುದೀಲಿರೋ ಹನಿನೂ ಅಬ್ಬಿ ನೀರೇ.

ಅಡಿಕೆ ತೋಟದವ:
ತೋಟ ಇದ್ರೆ ಇದನ್ನೂ ನೆನಪಿಡಿ. ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಹೊಡಿಯೋವಾಗ ಕೆಳಗೆ ಹಗ್ಗ, ಪೈಪ್ ಹಿಡ್ಕೊಂಡು ನಿಂತ್ರೂ ಮುಖಕ್ಕೆ ಸಿಡಿಯುತ್ತೆ, ಅದು ಲೆನ್ಸ್ ಅಡಿ ಸೇರಿದ್ರೆ ಅಲ್ಲೇ ನಿಲ್ಲುತ್ತೆ. ಸೋಗೆ ಎಳೆಯೋವಾಗ ಗರಿ ಕಣ್ಣಿಗೆ ಗೀರಿದ್ರೆ ಫಂಗಸ್ ಹುಣ್ಣು ಆಗೋದುಂಟು. ತೋಟಕ್ಕೆ ಕನ್ನಡಕವೇ ಇರ್ಲಿ.

ತೀರ್ಥಹಳ್ಳಿ ಕಡೆಯವಳು:
ಹೊಸನಗರದವರೇ, ಓದಿ ಕಣ್ಣಲ್ಲಿ ನೀರು ಬಂತು, ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಡೈಲಿನೇ ತಗೊಳ್ತೀನಿ. 30ರ ಬಾಕ್ಸ್ ಒಂದು ತಂದ್ರೆ ತಿಂಗಳು ಬರುತ್ತಾ?

ಸಾಗರದವ:
30 ಅಂದ್ರೆ 30 ಲೆನ್ಸು, 30 ಜೊತೆ ಅಲ್ಲ. ನಿಮ್ಮದು ಎರಡು ಕಣ್ಣಿಗೂ ಬೇರೆ ಪವರ್, ಹಾಗಾಗಿ ಎರಡು ಬಾಕ್ಸ್ ಬೇಕು, ವಾರಕ್ಕೆ ಮೂರು ದಿನ ಅಂದ್ರೆ ಹತ್ತು ವಾರ ಬರುತ್ತೆ. ಕನ್ನಡಕದ ಚೀಟಿ ತೋರಿಸಿ ತರ್ಬೇಡಿ, ಲೆನ್ಸಿಗೆ ಬೇರೆ ಅಳತೆ, ಪವರ್ 4 ದಾಟಿದ್ರೆ ಮೈನಸ್ ಸ್ವಲ್ಪ ಇಳಿಯುತ್ತೆ, ನಿಮ್ಮ ಬಲಗಣ್ಣಿಗೆ ಬಹುಶಃ 4 ಬರಬಹುದು. ಮೊದಲು ಟ್ರಯಲ್ ಜೊತೆ ಹಾಕ್ಸಿ ನೋಡಿ. ಬ್ಯಾಗಲ್ಲಿ ಕನ್ನಡಕ ಯಾವಾಗ್ಲೂ ಇರ್ಲಿ. ಸಂಜೆ ತೆಗೆದಿದ್ದನ್ನ ಚೆನ್ನಾಗೇ ಇದೆಯಲ್ಲ ಅಂತ ನಾಳೆಗೆ ಎತ್ತಿಡಬೇಡಿ.