ಶಾಂಘೈನಲ್ಲಿ ಹಡಗು ನಿಲ್ಲೋದು ಒಂದೇ ದಿನ: ಅಪ್ಪ ಅಮ್ಮನ ಜೊತೆ ಏನೇನು ನೋಡಬಹುದು?

ಕೇಳಿದ್ದು: ಅಪ್ಪ ಅಮ್ಮನನ್ನು ಕರೆದುಕೊಂಡು ಕ್ರೂಸ್‌ಗೆ ಹೊರಟಿದ್ದೇವೆ. ಶಾಂಘೈಗೆ ಬೆಳಿಗ್ಗೆ 7ಕ್ಕೆ ಬರುತ್ತೇವೆ, ಸಂಜೆ 5ರೊಳಗೆ ಹಡಗಿನಲ್ಲಿರಬೇಕು. ಅಪ್ಪನಿಗೆ 71, ಮಂಡಿನೋವು. ಅಮ್ಮ ಈರುಳ್ಳಿ, ಬೆಳ್ಳುಳ್ಳಿಯನ್ನೂ ಮುಟ್ಟುವುದಿಲ್ಲ. ಹಡಗಿನವರ ಟೂರ್ ತಗೋಬೇಕಾ, ನಾವೇ ಸುತ್ತಬಹುದಾ? ಹೋಗಿ ಬಂದವರು ದಯವಿಟ್ಟು ಹೇಳಿ.

ಮೈಸೂರಿನಿಂದ: ನಾನು 2019ರಲ್ಲಿ ಅತ್ತೆ ಮಾವನ ಜೊತೆ ಹೋಗಿದ್ದೆ. ಮೊದಲು ಒಂದು ವಿಷಯ ತಿಳ್ಕೊಳ್ಳಿ. ದೊಡ್ಡ ಹಡಗುಗಳು ನಿಲ್ಲುವುದು ಊರೊಳಗೆ ಅಲ್ಲ, ವೂಸೊಂಗ್‌ಕೋದಲ್ಲಿ. ಹುವಾಂಗ್‌ಪು ನದಿ ಯಾಂಗ್ಸಿಗೆ ಸೇರುವ ಜಾಗ ಅದು. ಅಲ್ಲಿಂದ ನದಿ ದಂಡೆಯ ಬಂಡ್‌ಗೆ 25 ಕಿ.ಮೀ. ಆಸುಪಾಸು. ಟ್ಯಾಕ್ಸಿಯಲ್ಲಿ ಮುಕ್ಕಾಲು ಗಂಟೆ, ಟ್ರಾಫಿಕ್ ಇದ್ದರೆ ಇನ್ನೂ ಜಾಸ್ತಿ. ಹಡಗು 7ಕ್ಕೆ ಬಂದರೂ ಇಮಿಗ್ರೇಷನ್ ಸಾಲು ಮುಗಿಸಿ ನಾವು ಹೊರಗೆ ಬಂದಾಗ 9 ಆಗಿತ್ತು. ಮಧ್ಯಾಹ್ನ 3ಕ್ಕೆ ವಾಪಸ್ ಹೊರಡಬೇಕು ಅಂತ ಇಟ್ಟುಕೊಂಡರೆ, ಊರಿಗೆ ಬರುವ ಹೊತ್ತು ಕಳೆದು ನಿಮ್ಮ ಕೈಗೆ ಸಿಗೋದು ಐದು ಗಂಟೆ, ಅಷ್ಟೇ. ಪಟ್ಟಿಯಲ್ಲಿ ಎಂಟು ಜಾಗ ಬರೆದುಕೊಳ್ಳಬೇಡಿ. ಎರಡು ಸಾಕು.

ನಾನಾಗಿದ್ದರೆ ಬಂಡ್ ಮತ್ತು ಹಳೇ ಚೀನೀ ಶೈಲಿಯ ಯೂ ಉದ್ಯಾನ ಅಂತೀನಿ. ಬಂಡ್‌ನಲ್ಲಿ ನದಿಗುಂಟ ಸಮತಟ್ಟಾದ ಅಗಲವಾದ ದಾರಿ ಇದೆ, ನಿಮ್ಮ ತಂದೆಯವರು ನಿಧಾನವಾಗಿ ನಡೆಯಬಹುದು. ಒಂದು ಕಡೆ ಹಳೇ ಕಲ್ಲಿನ ಕಟ್ಟಡಗಳು, ಆಚೆ ದಡದಲ್ಲಿ 632 ಮೀಟರ್ ಎತ್ತರದ ಶಾಂಘೈ ಟವರ್. ಹಸಿರು ಪಿರಮಿಡ್ ತಲೆಯ ಕಟ್ಟಡ ಕಂಡರೆ ಅದು ಪೀಸ್ ಹೋಟೆಲ್. 1929ರಲ್ಲಿ ವಿಕ್ಟರ್ ಸಸೂನ್ ಕಟ್ಟಿಸಿದ್ದು. ಮುಂಬೈನ ಸಸೂನ್ ಡಾಕ್ ಇದೆಯಲ್ಲ, ಅದೇ ಮನೆತನ. ನಮ್ಮ ಮಾವ ಮುಂಬೈನಲ್ಲಿ ಕೆಲಸದಲ್ಲಿದ್ದವರು. ಇದನ್ನು ಹೇಳಿದ ಮೇಲೆ ಹತ್ತು ನಿಮಿಷ ಅಲ್ಲೇ ನಿಂತು ನೋಡಿದರು.

ಟವರ್ ಹತ್ತೋಕೆ ಹೋಗಬೇಡಿ. ಸಾಲಿನಲ್ಲೇ ಅರ್ಧ ದಿನ ಹೋಗಬಹುದು, ಮೋಡ ಇದ್ದರೆ ಏನೂ ಕಾಣೋದಿಲ್ಲ.

ಹುಬ್ಬಳ್ಳಿಯಿಂದ: ಅಮ್ಮನ ಊಟದ ಬಗ್ಗೆ ಹೇಳ್ತೀನಿ, ನಮ್ಮ ತಾಯಿಯೂ ಹಾಗೇ. ಜೇಡ್ ಬುದ್ಧ ದೇವಸ್ಥಾನಕ್ಕೆ ಹೋಗಿ. 1882ರಲ್ಲಿ ಬರ್ಮಾದಿಂದ ತಂದ ಬಿಳಿ ಜೇಡ್ ಕಲ್ಲಿನ ಬುದ್ಧ ಅಲ್ಲಿದ್ದಾನೆ. ಅಲ್ಲಿ ಸಸ್ಯಾಹಾರದ ನೂಡಲ್ಸ್ ಸಿಗುತ್ತದೆ. ಚೀನಾದ ಬೌದ್ಧರ ಸಸ್ಯಾಹಾರದಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರೋದಿಲ್ಲ, ಇದು ನಮಗೆ ದೊಡ್ಡ ಅನುಕೂಲ. ಬಿಸಿ ಸಾರಿನ ಬಟ್ಟಲು, ಮೇಲೆ ದಪ್ಪ ದಪ್ಪ ಕಪ್ಪು ಅಣಬೆ. ಅಮ್ಮ ಮೊದಲ ತುತ್ತಿಗೆ ಹಿಂಜರಿದರು, ಆಮೇಲೆ ಬಟ್ಟಲು ಖಾಲಿ. ಸಸ್ಯಾಹಾರಿ ಹೋಟೆಲುಗಳಲ್ಲಿ ಸೋಯಾದಿಂದ ಬಾತುಕೋಳಿ, ಮೀನಿನ ಆಕಾರದ ತಿನಿಸು ಮಾಡಿಡುತ್ತಾರೆ. ಅಮ್ಮನಿಗೆ ಮೊದಲೇ ಹೇಳಿಬಿಡಿ, ಗಾಬರಿಯಾಗಬಾರದು.

ಬೇರೆ ಕಡೆ ‘ಮಾಂಸ ಬೇಡ’ ಅಂದರೆ ಸಾಲದು. ಸೊಪ್ಪಿನ ಪಲ್ಯಕ್ಕೂ ಹಂದಿ ಕೊಬ್ಬು ಹಾಕುವುದುಂಟು. ನಿಮ್ಮ ಊಟದ ನಿಯಮ ಪೂರ್ತಿ ಚೀನೀ ಭಾಷೆಯಲ್ಲಿ ಬರೆಸಿಕೊಂಡು ಹೋಗಿ. ಥೇಪ್ಲಾ, ಚಕ್ಕುಲಿ ಬ್ಯಾಗಿನಲ್ಲಿ ಇರಲಿ.

ಶಾಂಘೈನಲ್ಲಿ ಮೂರು ವರ್ಷ ಇದ್ದವನು: ಹಣ ಕೊಡೋಕೆ ಬಳಸುವ ಅಲಿಪೇ ಆ್ಯಪ್ ಊರಲ್ಲೇ ಹಾಕಿಕೊಂಡು ನಿಮ್ಮ ವೀಸಾ ಕಾರ್ಡ್ ಅಥವಾ ಮಾಸ್ಟರ್‌ಕಾರ್ಡ್ ಸೇರಿಸಿ. ಟೀ ಅಂಗಡಿಯಿಂದ ಮೆಟ್ರೋವರೆಗೆ ಎಲ್ಲಾ ಕ್ಯೂಆರ್ ಕೋಡ್. ಗೂಗಲ್ ಮ್ಯಾಪ್ ನಂಬಿ ಹೋಗಬೇಡಿ. ಬಂದರಿನ ಹೆಸರನ್ನು ಚೀನೀ ಲಿಪಿಯಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ವಾಪಸ್ ಬರೋಕೆ ಡ್ರೈವರ್‌ಗೆ ತೋರಿಸೋದು ಅದನ್ನೇ. ಮೆಟ್ರೋ ಅಗ್ಗ, ಆದರೆ ಬಂದರಿನ ಹತ್ತಿರದ 3ನೇ ಲೈನಿನಿಂದ ಬಂಡ್‌ಗೆ ಬರಲು ಲೈನ್ ಬದಲಿಸಬೇಕು, ಮಂಡಿನೋವಿಗೆ ಕಷ್ಟ. ನಾಲ್ಕು ಜನಕ್ಕೆ ಟ್ಯಾಕ್ಸಿಯೇ ವಾಸಿ.

ನಾನ್‌ಜಿಂಗ್ ರಸ್ತೆಯಲ್ಲಿ ‘ವಿದ್ಯಾರ್ಥಿಗಳು’ ನಗುನಗುತ್ತಾ ಟೀ ಕುಡಿಯೋಕೆ ಕರೆದರೆ ಹೋಗಲೇಬೇಡಿ. ಬಿಲ್ ಸಾವಿರಾರು ಯುವಾನ್ ಬರುತ್ತದೆ.

ಮಂಗಳೂರಿನಿಂದ: ವೀಸಾ ಮರೀಬೇಡಿ. ಚೀನಾ ಕೆಲವು ದೇಶದವರಿಗೆ ಕೊಡುವ 240 ಗಂಟೆಯ ವೀಸಾ ರಹಿತ ಸೌಲಭ್ಯ ಭಾರತದ ಪಾಸ್‌ಪೋರ್ಟಿಗೆ ಇಲ್ಲ. ಹಡಗು ಚೀನಾ ಬಿಟ್ಟು ಜಪಾನಿಗೆ ಹೋಗಿ ಮತ್ತೆ ಚೀನಾಕ್ಕೆ ಬರುವುದಾದರೆ ಎರಡು ಪ್ರವೇಶದ ವೀಸಾ ಬೇಕು. ಟೂರ್ ವಿಷಯ: ಹಡಗಿನವರ ಟೂರ್ ತಡವಾದರೆ ಹಡಗು ಕಾಯುತ್ತದೆ, ನೀವೇ ಹೋಗಿ ತಡ ಮಾಡಿದರೆ ಕಾಯೋದಿಲ್ಲ. ವಯಸ್ಸಾದವರಿದ್ದಾರೆ, ನಾನಾದರೆ ಹಡಗಿನವರ ಬಸ್ಸಿನಲ್ಲಿ ಊರಿಗೆ ಹೋಗಿ, ಅದರಲ್ಲೇ ವಾಪಸ್ ಬರ್ತೀನಿ.

ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಬಂಡ್, ಯೂ ಉದ್ಯಾನ ಎರಡೇ ಇಟ್ಟುಕೊಂಡೆವು. ಆದರೆ ನಾವು ಹೋಗೋದು ಸೋಮವಾರ!

ಮೈಸೂರಿನಿಂದ: ಅಯ್ಯೋ, ಸೋಮವಾರ ಉದ್ಯಾನಕ್ಕೆ ರಜೆ. ಚಿಂತೆ ಬೇಡ. ಅಂಕುಡೊಂಕಾದ ಒಂಬತ್ತು ತಿರುವಿನ ಸೇತುವೆ, ಅದರ ನಡುವಿನ ಟೀ ಮನೆ ಇರೋದು ಉದ್ಯಾನದ ಗೋಡೆಯಿಂದ ಹೊರಗೆ, ಟಿಕೆಟ್ ಇಲ್ಲ. ಸೇತುವೆ ಕಟ್ಟೆಗೆ ಒರಗಿ ಕೆಳಗೆ ನೋಡಿ, ಕೆಂಪು ಮೀನು ಗುಂಪು ಗುಂಪಾಗಿ ಬರುತ್ತವೆ. ಅಪ್ಪನಿಗೆ ಮೆಟ್ಟಿಲು ಆಗದಿದ್ದರೆ ಟೀ ಮನೆಯ ಕೆಳಗಡೆಯೇ ಕೂರಿಸಿ. ಅಮ್ಮನಿಗೆ ದೇವಸ್ಥಾನದ ನೂಡಲ್ಸ್ ಬೇಕಿದ್ದರೆ ಬೆಳಿಗ್ಗೆ ಊರೊಳಗೆ ಬಂದ ಕೂಡಲೇ ಮೊದಲು ಅಲ್ಲಿಗೇ ಹೋಗಿಬಿಡಿ.