ಫ್ಲಾರೆನ್ಸ್‌ನ ಹಳೇ ಕೇರಿಯಲ್ಲಿ ಬಾಡಿಗೆ ಫ್ಲಾಟ್: ಬುಕ್ ಮಾಡುವ ಮೊದಲು ಏನೇನು ಕೇಳಬೇಕು?

ಕೇಳಿದವರು:
ಅಕ್ಟೋಬರ್ ಕೊನೆಯಲ್ಲಿ ಒಂದು ವಾರ ಫ್ಲಾರೆನ್ಸ್‌ಗೆ ಹೊರಟಿದ್ದೇವೆ. ನಾವಿಬ್ಬರು, ಆರು ವರ್ಷದ ಮಗಳು, ಅತ್ತೆ, ಮಾವ. ಅತ್ತೆಗೆ ಮಂಡಿನೋವು. ಎಲ್ಲರೂ ಸಸ್ಯಾಹಾರಿಗಳು, ರಾತ್ರಿಯಾದರೂ ಅನ್ನ ಸಾರು ಬೇಕು. ಅದಕ್ಕೇ ಹೋಟೆಲ್ ಬಿಟ್ಟು, ಆರ್ನೋ ನದಿಯ ಆಚೆ ದಡದ ಓಲ್ಟ್ರಾರ್ನೋದಲ್ಲಿ ಅಡುಗೆಮನೆ ಇರುವ ಫ್ಲಾಟ್ ನೋಡುತ್ತಿದ್ದೇವೆ. ಇಂಥ ಹಳೇ ಕಟ್ಟಡಗಳಲ್ಲಿ ಉಳಿದವರು ನಿಮ್ಮ ಅನುಭವ ಹೇಳ್ತೀರಾ?

ಮೈಸೂರಿನವರು:
ಜಾಗ ಚೆನ್ನಾಗಿ ಆರಿಸಿದ್ದೀರಿ. ಊರಿನ ಮುಖ್ಯ ಚರ್ಚು ಡುವೊಮೊ ಸುತ್ತಮುತ್ತ ಇರುವಷ್ಟು ನೂಕುನುಗ್ಗಲು ಇಲ್ಲಿಲ್ಲ. ಮರಗೆಲಸದವರು, ಚಿತ್ರಕ್ಕೆ ಕಟ್ಟು ಹಾಕುವವರು, ಚರ್ಮದ ಕೆಲಸದವರು ಇನ್ನೂ ಬೀದಿ ಬಾಗಿಲಲ್ಲೇ ಕೂತು ಕೆಲಸ ಮಾಡುತ್ತಾರೆ. ಪಿತ್ತಿ ಅರಮನೆ, ಬೊಬೊಲಿ ತೋಟ, ಮಸಾಚ್ಚೊ ಬರೆದ ಭಿತ್ತಿಚಿತ್ರಗಳಿರುವ ಬ್ರಾಂಕಾಚ್ಚಿ ಚಾಪೆಲ್, ಎಲ್ಲವೂ ನಡಿಗೆಯ ದೂರ.

ಆದರೆ ಯಾವ ಬೀದಿ ಅನ್ನೋದಕ್ಕಿಂತ ಯಾವ ಕಟ್ಟಡ, ಯಾವ ಮಹಡಿ ಅನ್ನೋದು ಇಲ್ಲಿ ಮುಖ್ಯ. ಒಂದೇ ಓಣಿಯಲ್ಲಿ ಅಕ್ಕಪಕ್ಕದ ಎರಡು ಮನೆಗಳಿಗೆ ಅಜಗಜಾಂತರ ಇರುತ್ತೆ. ಫೋಟೊದಲ್ಲಿ ಕಾಣೋದು ಮರದ ತೊಲೆ, ಕಿಟಕಿಯಾಚೆಯ ಕೆಂಪು ಹೆಂಚು ಅಷ್ಟೇ. ಅಂಥ ನೋಟ ಸಿಗೋದು ಮೇಲಿನ ಮಹಡಿಯಿಂದ, ಅಲ್ವಾ? ಅಲ್ಲಿಗೆ ಅತ್ತೆ ಹತ್ತಬೇಕು.

ಅವರು ಮಹಡಿ ಎಣಿಸೋದು ನಮ್ಮ ಹಾಗೇ, ನೆಲಮಹಡಿ ಬಿಟ್ಟು ಮೇಲಿನದು ಒಂದನೇದು. ಆದರೆ ಹಳೇ ಪಲಾತ್ಸೊಗಳಲ್ಲಿ, ಅಂದರೆ ಹಿಂದಿನ ಕಾಲದ ದೊಡ್ಡ ಮನೆಗಳಲ್ಲಿ, ಚಾವಣಿ ತುಂಬಾ ಎತ್ತರ. ಎರಡನೇ ಮಹಡಿ ಅಂದರೂ ನಮ್ಮ ಅಪಾರ್ಟ್‌ಮೆಂಟಿನ ಮೂರನೆಯದಕ್ಕೆ ಹತ್ತಿದಷ್ಟಾಗುತ್ತೆ. ಮೆಟ್ಟಿಲು ಕಲ್ಲಿನವು. ಎಷ್ಟೋ ಕಾಲದಿಂದ ತುಳಿದು ತುಳಿದು ನಡುವೆ ಸವೆದು, ನುಣುಪಾಗಿ, ಸ್ವಲ್ಪ ಇಳಿಜಾರಾಗಿರುತ್ತವೆ. ‘ಲಿಫ್ಟ್ ಇದೆ’ ಅಂತ ಹಾಕಿದ್ದರೂ ಅದು ಕೆಲವು ಮೆಟ್ಟಿಲು ಹತ್ತಿದ ಮೇಲೆ ಶುರುವಾಗಬಹುದು, ಇಬ್ಬರು ನಿಲ್ಲುವಷ್ಟೇ ಇರಬಹುದು. ‘ಬೀದಿ ಬಾಗಿಲಿನಿಂದ ಮಂಚದವರೆಗೆ ಒಟ್ಟು ಎಷ್ಟು ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿ ಇದೆಯಾ’ ಅಂತ ನೇರವಾಗಿ ಕೇಳಿ, ಮೆಟ್ಟಿಲ ಫೋಟೊ ತರಿಸಿಕೊಳ್ಳಿ. ಮಂಚದವರೆಗೆ ಅಂದದ್ದಕ್ಕೆ ಕಾರಣ ಇದೆ. ಎತ್ತರದ ಕೋಣೆಯಲ್ಲಿ ಅಟ್ಟ ಕಟ್ಟಿ ಮೇಲೆ ಹಾಸಿಗೆ ಹಾಕಿರುತ್ತಾರೆ, ಅದಕ್ಕೆ ‘ಸೊಪ್ಪಾಲ್ಕೊ’ ಅನ್ನುತ್ತಾರೆ. ವಿವರದಲ್ಲಿ ಆ ಪದ ಕಂಡರೆ ಒಂದು ಮಲಗುವ ಜಾಗಕ್ಕೆ ಕಡಿದಾದ ಏಣಿ ಅಂತ ತಿಳಿಯಿರಿ.

ಇನ್ನು ಗಲಾಟೆ. ಸಾಂತೊ ಸ್ಪಿರಿತೊ ಚೌಕದಲ್ಲಿ ಬೆಳಿಗ್ಗೆ ಸಂತೆ, ಸಂಜೆ ವಾಸ್ತುಶಿಲ್ಪಿ ಬ್ರುನೆಲ್ಲೆಸ್ಕಿ ರೂಪಿಸಿದ ಚರ್ಚಿನ ಮೆಟ್ಟಿಲ ಮೇಲೆ ಯುವಕರ ಗುಂಪು, ಸುತ್ತ ಬಾರುಗಳು. ಮಾತು ನಗು ನಡುರಾತ್ರಿವರೆಗೂ ನಡೆಯುತ್ತೆ. ಗೋಡೆ ದಪ್ಪ ಇದ್ದರೂ ಸದ್ದು ಬರೋದು ಕಿಟಕಿಯಿಂದ. ಮಲಗುವ ಕೋಣೆ ಒಳ ಅಂಗಳದ ಕಡೆ ಇರುವ ಮನೆ ಹಿಡಿಯಿರಿ. ಬೆಳಕು ಕಡಿಮೆ ಬಿದ್ದರೂ ಪರವಾಗಿಲ್ಲ, ಹಗಲೆಲ್ಲ ಹೇಗೂ ಹೊರಗಿರುತ್ತೀರಿ.

ನಿಮ್ಮ ತಿಂಗಳಿಗೆ ಮುಖ್ಯವಾದದ್ದು ಚಳಿ. ಇಟಲಿಯಲ್ಲಿ ಕಟ್ಟಡಗಳ ಹೀಟಿಂಗ್‌ಗೆ ಕಾನೂನಿನ ದಿನಾಂಕಗಳಿವೆ. ಫ್ಲಾರೆನ್ಸ್‌ನಲ್ಲಿ ನವೆಂಬರ್ 1ರಿಂದ ಏಪ್ರಿಲ್ 15ರವರೆಗೆ, ದಿನಕ್ಕೆ ಹೆಚ್ಚೆಂದರೆ 12 ಗಂಟೆ. ಅಕ್ಟೋಬರ್ ಕೊನೆಯಲ್ಲಿ ರೇಡಿಯೇಟರ್ ತಣ್ಣಗಿದ್ದರೆ ಅದು ಮನೆಯವರ ಜಿಪುಣತನ ಅಲ್ಲ. ಹೆಚ್ಚುವರಿ ರಜಾಯಿ ಇಡಲು ಹೇಳಿ, ಬಿಸಿಗಾಳಿ ಕೊಡುವ ಎಸಿ ಇದೆಯಾ ಕೇಳಿ.

ಬೊಲೊನ್ಯಾದಲ್ಲಿರುವ ಕನ್ನಡಿಗರು:
ಮೇಲಿನವರು ಹೇಳಿದ್ದು ಸರಿ. ನಾನು ಬಾಗಿಲ ಮುಂದೆ ಏನಾಗುತ್ತೆ ಹೇಳ್ತೀನಿ.

ಫ್ಲಾರೆನ್ಸ್‌ನಲ್ಲಿ ಮನೆ ನಂಬರು ಎರಡು ಥರ. ಮನೆಗಳಿಗೆ ಕಪ್ಪು ಅಥವಾ ನೀಲಿ, ಅಂಗಡಿ ಹೋಟೆಲುಗಳಿಗೆ ಕೆಂಪು. ಎರಡೂ ಬೇರೆ ಬೇರೆ ಸಾಲು. ಕೆಂಪು 20 ಇರುವ ಜಾಗದಿಂದ ಕಪ್ಪು 20 ಎಷ್ಟೋ ದೂರ ಇರಬಹುದು. ವಿಳಾಸದಲ್ಲಿ ಅಂಕಿಯ ಪಕ್ಕ ‘ಆರ್’ ಅಕ್ಷರ ಇದ್ದರೆ ಅದು ಕೆಂಪು. ದೊಡ್ಡ ಬಾಗಿಲು ಸಿಕ್ಕಿದ ಮೇಲೆ ಕರೆಗಂಟೆಯ ಫಲಕದಲ್ಲಿ ಫ್ಲಾಟ್ ನಂಬರು ಹುಡುಕಬೇಡಿ. ಅಲ್ಲಿ ಇರೋದು ಮನೆತನದ ಹೆಸರುಗಳು ಮಾತ್ರ. ಯಾವ ಹೆಸರಿನ ಗುಂಡಿ ಒತ್ತಬೇಕು ಅಂತ ಮೊದಲೇ ಬರೆಸಿಕೊಳ್ಳಿ. ಬಹಳ ಬಾಗಿಲುಗಳು ಹೊರಗಿನಿಂದ ಎಳೆದರೆ ಸಾಕು, ಬೀಗ ಬಿದ್ದುಬಿಡುತ್ತೆ. ಕಸ ಹಾಕಿ ಬರಲು ಹೋದರೂ ಕೀಲಿ ಕೈಯಲ್ಲಿರಲಿ. ಮಾವನವರಿಗೆ ಇದನ್ನು ಎರಡು ಸಲ ಹೇಳಿ.

ಕಾಗದಪತ್ರದ ವಿಷಯ. 2025ರಿಂದ ಇಂಥ ಪ್ರತಿ ಬಾಡಿಗೆ ಮನೆಗೂ ‘ಚಿನ್’ (CIN) ಅನ್ನುವ ರಾಷ್ಟ್ರೀಯ ಗುರುತಿನ ಸಂಖ್ಯೆ ಕಡ್ಡಾಯ. ಜಾಹೀರಾತಿನಲ್ಲೂ ಕಟ್ಟಡದ ಹೊರಗೂ ಅದು ಕಾಣಬೇಕು. ಸಂಖ್ಯೆ ಇಲ್ಲದ ಮನೆ ಎಷ್ಟೇ ಅಗ್ಗವಾಗಿದ್ದರೂ ಬೇಡ. ಪಾಸ್‌ಪೋರ್ಟ್ ಕೇಳಿದರೆ ಗಾಬರಿ ಆಗಬೇಡಿ. ಬಂದವರ ವಿವರವನ್ನು 24 ಗಂಟೆಯೊಳಗೆ ಪೊಲೀಸರಿಗೆ ಕಳಿಸೋದು ಮನೆಯವರ ಕರ್ತವ್ಯ. ಗೋಡೆಗೆ ಕೀಲಿ ಡಬ್ಬಿ ತಗಲಿಸುವುದನ್ನು ಹಳೇ ಊರಿನಲ್ಲಿ ನಿಷೇಧಿಸಿದ್ದಾರೆ, ಹಾಗಾಗಿ ಯಾರು ಎಷ್ಟು ಹೊತ್ತಿಗೆ ಬಂದು ಕೀಲಿ ಕೊಡುತ್ತಾರೆ ಅಂತ ಖಚಿತ ಮಾಡಿಕೊಳ್ಳಿ. ಬಾಡಿಗೆಯ ಜೊತೆ ತಲೆಗಿಷ್ಟು ಅಂತ ರಾತ್ರಿಗೊಂದು ಪ್ರವಾಸಿ ತೆರಿಗೆ ಇದೆ, ಹೆಚ್ಚೆಂದರೆ 7 ರಾತ್ರಿಗೆ. 12 ವರ್ಷದೊಳಗಿನ ಮಕ್ಕಳಿಗೆ ಇಲ್ಲ.

ಒಂದು ಮಾತು ಮನಸ್ಸಿನಿಂದ ಹೇಳ್ತೀನಿ. ಆ ಕಟ್ಟಡಗಳಲ್ಲಿ ವಯಸ್ಸಾದವರು ಇನ್ನೂ ವಾಸ ಮಾಡುತ್ತಿದ್ದಾರೆ. ಮನೆಗಳೆಲ್ಲ ಪ್ರವಾಸಿಗರ ಪಾಲಾಗಿ ಊರಿನವರಿಗೇ ಬಾಡಿಗೆ ಮನೆ ಸಿಗುತ್ತಿಲ್ಲ ಅಂತ 2023ರಲ್ಲಿ ನಗರಸಭೆ ಯುನೆಸ್ಕೋ ಪಟ್ಟಿಯ ಹಳೇ ಊರಿನೊಳಗೆ ಹೊಸ ಅಲ್ಪಾವಧಿ ಬಾಡಿಗೆಗಳನ್ನೇ ನಿಲ್ಲಿಸಿತು. ಅವರ ಸಿಟ್ಟು ನ್ಯಾಯವಾದದ್ದು. ಮೆಟ್ಟಿಲಲ್ಲಿ ಎದುರಾದರೆ ‘ಬುವೊನ್ ಜೋರ್ನೊ’ (ನಮಸ್ಕಾರ) ಅನ್ನಿ, ರಾತ್ರಿ ಸೂಟ್‌ಕೇಸ್ ಎಳೆದಾಡಬೇಡಿ, ಮಧ್ಯಾಹ್ನ ಊಟವಾದ ಮೇಲಿನ ಹೊತ್ತಿನಲ್ಲಿ ಮಗಳು ಓಡಾಡಿ ಕುಣಿಯದಂತೆ ನೋಡಿಕೊಳ್ಳಿ.

ಧಾರವಾಡದವರು:
ಅಡುಗೆ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ಗ್ಯಾಸ್ ಒಲೆಯಾ, ಇಂಡಕ್ಷನ್ನಾ ಕೇಳಿ. ಇಂಡಕ್ಷನ್ ಆದರೆ ಮಾಮೂಲಿ ಅಲ್ಯೂಮಿನಿಯಂ ಕುಕ್ಕರ್ ಕೆಲಸಕ್ಕೆ ಬರಲ್ಲ, ಸ್ಟೀಲ್ ತಳದ್ದು ಬೇಕು. ಕರೆಂಟು ಸಾಮಾನ್ಯವಾಗಿ ಮನೆಗೆ 3 ಕಿಲೋವ್ಯಾಟ್ ಮಾತ್ರ. ವಾಷಿಂಗ್ ಮಷೀನ್, ಓವನ್, ಕೆಟಲ್ ಒಟ್ಟಿಗೆ ಹಾಕಿದರೆ ಇಡೀ ಮನೆ ಕತ್ತಲು. ಎಷ್ಟೋ ಕಡೆ ಮೀಟರು ನೆಲಮಹಡಿಯಲ್ಲಿರುತ್ತೆ, ಇಳಿದು ಹೋಗಿ ಸ್ವಿಚ್ ಎತ್ತಬೇಕು. ಹೋದ ದಿನವೇ ಅದು ಎಲ್ಲಿದೆ ಅಂತ ತೋರಿಸಿಕೊಳ್ಳಿ. ಬಿಸಿನೀರಿಗೆ ಕರೆಂಟ್ ಗೀಸರ್ ಇದ್ದರೆ ಐದು ಜನ ಸಾಲಾಗಿ ಸ್ನಾನ ಮಾಡೋಕೆ ಆಗಲ್ಲ, ಅರ್ಧ ಜನ ರಾತ್ರಿಯೇ ಮುಗಿಸಿ.

ವೋಲ್ಟೇಜ್ ನಮ್ಮದೇ, 230. ಪಿನ್ ಮಾತ್ರ ಬೇರೆ, ಅಡಾಪ್ಟರ್ ಬೇಕು. ಶೌಚಾಲಯದ ಚಿಂತೆ ಬೇಡ. ಮನೆಯ ಒಂದು ಬಚ್ಚಲಿನಲ್ಲಾದರೂ ಬಿಡೇ, ಅಂದರೆ ಕೂತು ತೊಳೆದುಕೊಳ್ಳುವ ನಲ್ಲಿಯಿರುವ ತಗ್ಗು ಬೇಸಿನ್, ಇರಲೇಬೇಕು ಅಂತ 1975ರಿಂದ ನಿಯಮವಿದೆ. ಹಿರಿಯರಿಗೆ ಇದು ಎಷ್ಟು ನೆಮ್ಮದಿ ಅಂತ ಹೋದ ಮೇಲೆ ಗೊತ್ತಾಗುತ್ತೆ.

ಸಾರಿನ ಪುಡಿ, ತೊಗರಿಬೇಳೆ, ಇಂಗು ಇಲ್ಲಿಂದಲೇ ಒಯ್ಯಿರಿ. ಬಾಸ್ಮತಿ ಅಕ್ಕಿ, ಕಡಲೆಕಾಳು, ಮೊಸರು ಸೂಪರ್‌ಮಾರ್ಕೆಟ್‌ನಲ್ಲೇ ಸಿಗುತ್ತವೆ. ನಲ್ಲಿ ನೀರು ಧಾರಾಳವಾಗಿ ಕುಡಿಯಬಹುದು. ಅಲ್ಲಿನ ಬ್ರೆಡ್‌ಗೆ ಉಪ್ಪೇ ಹಾಕಲ್ಲ, ಬರೀ ತಿಂದರೆ ಸಪ್ಪೆ, ಸಾರಿನಲ್ಲಿ ಅದ್ದಿ ತಿಂದರೆ ಬಹಳ ಚೆನ್ನ. ಹೊರಗೆ ತಿಂದರೆ ರಿಬೊಲ್ಲಿತಾ ಕೇಳಿ: ರಾಜ್ಮಾದಂಥ ಬಿಳಿ ಕಾಳು, ಕಪ್ಪು ಎಲೆಕೋಸು, ಹಳೇ ಬ್ರೆಡ್ ಹಾಕಿ ಬೇಯಿಸಿದ ಗಟ್ಟಿ ಸೂಪು. ಮಾಂಸದ ರಸ ಹಾಕಿದ್ದಾರಾ ಅಂತ ಮಾತ್ರ ವಿಚಾರಿಸಿ. ಪಾರ್ಮಿಜಾನೊ ಚೀಸಿಗೆ ಕರುವಿನ ಹೊಟ್ಟೆಯಿಂದ ತೆಗೆದ ಹೆಪ್ಪು ಬಳಸುತ್ತಾರೆ, ಅತ್ತೆ ಮಾವ ಮಡಿ ನೋಡುವವರಾದರೆ ಮೊದಲೇ ತಿಳಿಸಿಬಿಡಿ.

ಕೇಳಿದವರು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರನೇ ಮಹಡಿಯ ಒಂದು ಮನೆ ಬಿಟ್ಟೆವು. ಒಂದನೇ ಮಹಡಿ, ಅಂಗಳದ ಕಡೆ ಕಿಟಕಿ ಇರುವುದು ಸಿಕ್ಕಿದೆ, ಮೆಟ್ಟಿಲಿನ ಫೋಟೊ ಕೇಳಿದ್ದೇನೆ. ಸ್ಟೇಷನ್ನಿನಿಂದ ಐದು ಜನ, ಸಾಮಾನು ಸಮೇತ ಹೇಗೆ ಹೋಗೋದು?

ಬೊಲೊನ್ಯಾದಲ್ಲಿರುವ ಕನ್ನಡಿಗರು:
ಸಾಂತಾ ಮರಿಯಾ ನೊವೆಲ್ಲಾ ಸ್ಟೇಷನ್ ಮುಂದೆ ಟ್ಯಾಕ್ಸಿ ಸಾಲು ಇದೆ, ಐದು ಜನ ಹಿಡಿಸುವ ದೊಡ್ಡ ಗಾಡಿ ಬೇಕು ಅನ್ನಿ. ಬಾಡಿಗೆ ಕಾರು ಬೇಡವೇ ಬೇಡ. ಹಳೇ ಊರಿಗೆ ಪರವಾನಗಿ ಇಲ್ಲದ ಗಾಡಿ ಹೊಕ್ಕರೆ ಕ್ಯಾಮೆರಾ ಹಿಡಿಯುತ್ತೆ, ದಂಡದ ಚೀಟಿ ಊರಿಗೆ ಬಂದ ಮೇಲೂ ಬರುತ್ತೆ. ಟ್ಯಾಕ್ಸಿಗೆ ಒಳಗೆ ಹೋಗಲು ಅನುಮತಿ ಇದೆ. ನವೆಂಬರ್ 1 ಅಲ್ಲಿ ಸರ್ಕಾರಿ ರಜೆ, ಅಂದು ನೀವು ಇನ್ನೂ ಅಲ್ಲೇ ಇದ್ದರೆ ಹಾಲು ತರಕಾರಿ ಹಿಂದಿನ ದಿನವೇ ತಂದಿಟ್ಟುಕೊಳ್ಳಿ.