ಎಂಬತ್ತು ಪುಟಕ್ಕೆ ಒಂದೇ ಸ್ಟೈಲ್ ಶೀಟ್: ಯಾಕೆ, ಹೇಗೆ?

ಪ್ರಶ್ನೆ: ಮೇಡಂ, ನಮಸ್ಕಾರ. ಊರಿನ ಗ್ರಂಥಾಲಯದ ವೆಬ್‌ಸೈಟನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಹಳೇ ಕಾಲದ್ದು, ಸುಮಾರು 80 ಪುಟ, ಎಲ್ಲ ಕನ್ನಡ. ಪ್ರತಿ ತಲೆಬರಹದ ಒಳಗೂ ಫಾಂಟ್ ಟ್ಯಾಗ್ (ಅಕ್ಷರ ಹೇಗೆ ಕಾಣಬೇಕು ಅಂತ ಹೇಳುವ ಕೋಡು) ಹಾಕಿ ಬಣ್ಣ, ಅಳತೆ ಅಲ್ಲಲ್ಲೇ ಬರೆದಿದ್ದಾರೆ. ಕಮಿಟಿಯವರಿಗೆ ಈಗ ಹಸಿರು ಬೇಡವಂತೆ, ನೀಲಿ ಬೇಕಂತೆ. ಸ್ಟೈಲ್ ಶೀಟ್ ಮಾಡಿಕೊಳ್ಳಿ ಅಂತ ಎಲ್ಲರೂ ಹೇಳುತ್ತಾರೆ. ಫೈಂಡ್ ಅಂಡ್ ರಿಪ್ಲೇಸ್ ಮಾಡಿದರೆ ಮುಗಿಯಲಿಲ್ವಾ?

ಉತ್ತರ: ಮುಗಿಯುತ್ತದೆ, ಈ ಸಲಕ್ಕೆ. ಆದರೆ ರಜೆ ದಿನಗಳ ಪಟ್ಟಿಗೂ ಅದೇ ಹಸಿರು ಇದ್ದರೆ ಅದೂ ನೀಲಿ ಆಗುತ್ತದೆ. ಇದು ತಲೆಬರಹದ ಹಸಿರು, ಅದು ರಜೆಯ ಹಸಿರು ಅಂತ ರಿಪ್ಲೇಸ್‌ಗೆ ಗೊತ್ತಾಗುವುದಿಲ್ಲ. ಸ್ಟೈಲ್ ಶೀಟ್ ಬೇಕಾಗುವುದು ಇದಕ್ಕೇ: ಪುಟದಲ್ಲಿ "ಇದು ತಲೆಬರಹ", "ಇದು ರಜೆ" ಅಂತ ಮಾತ್ರ ಇರಬೇಕು, ಅದು ಹೇಗೆ ಕಾಣಬೇಕು ಅನ್ನುವುದು ಬೇರೆ ಫೈಲಿನಲ್ಲಿರಬೇಕು. ಹೊಸ ಮಾತೇನಲ್ಲ. ಸ್ಟೈಲ್ ಶೀಟ್ ಬರೆಯುವ ಭಾಷೆಯಾದ ಸಿಎಸ್‌ಎಸ್‌ನ ಪ್ರಸ್ತಾವವನ್ನು ಹೋಕನ್ ವಿಯುಮ್ ಲೀ ಮುಂದಿಟ್ಟಿದ್ದು 1994ರಲ್ಲಿ, 1996ರ ಡಿಸೆಂಬರ್‌ನಲ್ಲಿ ಅದರ ಮೊದಲ ಆವೃತ್ತಿಗೆ ವೆಬ್‌ನ ಮಾನದಂಡ ರೂಪಿಸುವ ಸಂಸ್ಥೆ ಡಬ್ಲ್ಯು3ಸಿಯ ಒಪ್ಪಿಗೆ ಸಿಕ್ಕಿತು. ಮರುವರ್ಷ ಬಂದ ಎಚ್‌ಟಿಎಂಎಲ್ 4 (ಪುಟ ಬರೆಯುವ ಭಾಷೆಯ ಆವೃತ್ತಿ) ಫಾಂಟ್ ಟ್ಯಾಗ್ ಬಳಸುವುದು ಬಿಡಿ ಅಂತ ಹೇಳಿಯೂ ಆಯಿತು.

ನೀವು ಹೇಳಿದ ರಿಪ್ಲೇಸ್ ಒಂದೇ ಒಂದು ಕಡೆ ನಿಜಕ್ಕೂ ಉಪಯೋಗ. ಎಲ್ಲ ಪುಟದಲ್ಲೂ ಹೆಡ್ (ಕೋಡಿನ ಮೇಲಿನ ಭಾಗ) ಮುಗಿಯುವ ಜಾಗ ಹುಡುಕಿ, ಅದರ ಮುಂಚೆ ಸ್ಟೈಲ್ ಶೀಟಿನ ಲಿಂಕ್ ಟ್ಯಾಗ್ ಸೇರಿಸಿ. ಎಡಿಟರ್‌ನಲ್ಲಿ ಇಡೀ ಫೋಲ್ಡರ್‌ಗೆ ಒಟ್ಟಿಗೆ ಮಾಡಬಹುದು. ಮೊದಲು ಬ್ಯಾಕಪ್ ತೆಗೆದುಕೊಳ್ಳಿ, ಮರೀಬೇಡಿ.

ಮರುಪ್ರಶ್ನೆ: ಲಿಂಕ್ ಹಾಕಿದೆ ಮೇಡಂ. ತಲೆಬರಹದ ಟ್ಯಾಗ್ ಎಚ್2ಗೆ ನೀಲಿ ಅಂತ ಬರೆದೆ. ಏನೂ ಆಗಲಿಲ್ಲ, ಹಸಿರೇ ಇದೆ. ಇದೇ ನಡೆಯಲಿ ಅನ್ನೋಕೆ ಇಂಪಾರ್ಟೆಂಟ್ ಅಂತ ಸೇರಿಸಿದರೂ ಹಸಿರೇ!

ಉತ್ತರ: ಆಗುವುದಿಲ್ಲ, ಯಾಕೆಂದರೆ ನೀವು ನೀಲಿ ಕೊಟ್ಟಿದ್ದು ಎಚ್2ಗೆ, ಅಕ್ಷರ ಇರುವುದು ಅದರೊಳಗಿನ ಫಾಂಟ್ ಟ್ಯಾಗಿನಲ್ಲಿ. ಒಳಗಿನ ಟ್ಯಾಗಿಗೆ ಸ್ವಂತ ಬಣ್ಣ ಇದ್ದರೆ ಹೊರಗಿನದನ್ನು ಅದು ತೆಗೆದುಕೊಳ್ಳುವುದೇ ಇಲ್ಲ, ಹೊರಗೆ ಎಷ್ಟು ಇಂಪಾರ್ಟೆಂಟ್ ಬರೆದರೂ ಅಷ್ಟೆ. ಹಾಗಾಗಿ ಸ್ಟೈಲ್ ಶೀಟಿನಲ್ಲಿ "ಎಚ್2 ಒಳಗಿನ ಫಾಂಟ್" ಅಂತ ಹಿಡಿದು, ಅದರ ಕಲರ್, ಫಾಂಟ್ ಎರಡಕ್ಕೂ ಇನ್‌ಹೆರಿಟ್ (ಹೊರಗಿನದನ್ನೇ ತೆಗೆದುಕೋ) ಅಂತ ಕೊಡಿ. ಫಾಂಟ್ ಟ್ಯಾಗಿನೊಳಗೆ ಬರೆದ ಬಣ್ಣಕ್ಕೆ ಸ್ಟೈಲ್ ಶೀಟಿನ ಎದುರು ಬಲ ಇಲ್ಲ, ಸುಮ್ಮನಾಗುತ್ತದೆ. ಪುಟಗಳನ್ನು ನಿಧಾನಕ್ಕೆ, ಬಿಡುವಾದಾಗ ಶುಚಿ ಮಾಡಿಕೊಳ್ಳಬಹುದು.

ಎಲ್ಲಾದರೂ ಟ್ಯಾಗಿನ ಮೇಲೇ ಸ್ಟೈಲ್ ಅಂತ ಬರೆದಿದ್ದರೆ ಈ ಉಪಾಯ ನಡೆಯುವುದಿಲ್ಲ, ಅದರ ಬಲ ಜಾಸ್ತಿ. ಉಳಿದಂತೆ ಐಡಿ (ಪುಟದ ಒಂದೇ ಭಾಗಕ್ಕೆ ಇಡುವ ಹೆಸರು) ಹೇಳಿದ ಮಾತು ಕ್ಲಾಸಿಗಿಂತ (ಒಂದೇ ಬಗೆಯ ಭಾಗಗಳಿಗೆಲ್ಲ ಇಡುವ ಹೆಸರು) ಮೇಲೆ, ಕ್ಲಾಸಿನದು ಬರೀ ಟ್ಯಾಗಿಗಿಂತ ಮೇಲೆ. ಎರಡೂ ಸಮ ಇದ್ದರೆ ಕೊನೆಗೆ ಬರೆದದ್ದು ಗೆಲ್ಲುತ್ತದೆ. ಬ್ರೌಸರ್‌ನಲ್ಲಿ ಎಫ್12 ಒತ್ತಿ ನೋಡಿ, ಸೋತ ಸಾಲಿನ ಮೇಲೆ ಗೆರೆ ಎಳೆದಿರುತ್ತದೆ. ಇಂಪಾರ್ಟೆಂಟ್ ಹಾಕುವ ಚಟ ಮಾತ್ರ ಬೇಡ. ಒಂದು ಹಾಕಿದರೆ ಅದನ್ನು ಮೀರಿಸೋಕೆ ಇನ್ನೊಂದು ಬೇಕಾಗುತ್ತದೆ.

ಕ್ಲಾಸಿಗೆ ಹೆಸರಿಡುವಾಗ "ಹಸಿರು" ಅಂತ ಇಡಬೇಡಿ, "ರಜೆ" ಅಂತ ಇಡಿ. (ಕನ್ನಡ ಲಿಪಿಯಲ್ಲೇ ಇಡಬಹುದು, ಸಿಎಸ್‌ಎಸ್ ಒಪ್ಪುತ್ತದೆ. ಮುಂದೆ ನೋಡಿಕೊಳ್ಳುವವರಿಗೆ ಟೈಪಿಂಗ್ ಬರಬೇಕು ಅಷ್ಟೆ.) ಮುಖ್ಯ ಬಣ್ಣವನ್ನು ಫೈಲಿನ ಮೇಲ್ಗಡೆ ಒಂದು ವೇರಿಯಬಲ್ (ಬೇಕಾದಲ್ಲೆಲ್ಲ ಬಳಸಲು ಹೆಸರು ಕೊಟ್ಟಿಟ್ಟ ಬಣ್ಣ) ಮಾಡಿಟ್ಟರೆ ಮುಂದಿನ ಕಮಿಟಿಗೆ ಕೆಂಪು ಬೇಕಾದರೂ ಒಂದೇ ಸಾಲಿನ ಕೆಲಸ.

ಇನ್ನೊಬ್ಬರ ಪ್ರಶ್ನೆ: ನಡುವೆ ಬಂದೆ, ಕ್ಷಮಿಸಿ. ನಮ್ಮದೂ ಕನ್ನಡ ಸೈಟು. ಇಂಗ್ಲಿಷ್ ಟೆಂಪ್ಲೇಟ್ ತಂದು ಕನ್ನಡ ತುಂಬಿಸಿದ್ದೇವೆ. ತಲೆಬರಹದಲ್ಲಿ ಒತ್ತಕ್ಷರ ಕೆಳಗೆ ಕತ್ತರಿಸಿ ಹೋಗುತ್ತಿದೆ. ಫಾಂಟ್ ತೊಂದರೆನಾ?

ಉತ್ತರ: ಹೆಚ್ಚಾಗಿ ಫಾಂಟಿನದಲ್ಲ, ಲೈನ್-ಹೈಟಿನದು, ಅಂದರೆ ಸಾಲಿನ ಎತ್ತರದ್ದು. ಇಂಗ್ಲಿಷ್ ಟೆಂಪ್ಲೇಟುಗಳಲ್ಲಿ ತಲೆಬರಹಕ್ಕೆ 1.1, 1.2 ಕೊಟ್ಟಿರುತ್ತಾರೆ, ಅವರ ಅಕ್ಷರಕ್ಕೆ ಸಾಕು. "ರಾಷ್ಟ್ರ", "ಸ್ತ್ರೀ" ಬರೆದು ನೋಡಿ, ಒತ್ತು ಎಷ್ಟು ಕೆಳಗಿಳಿಯುತ್ತದೆ ಅಂತ. ಬರಹಕ್ಕೆ 1.7 ಸುತ್ತಮುತ್ತ, ತಲೆಬರಹಕ್ಕೆ 1.4ಕ್ಕಿಂತ ಕಮ್ಮಿ ಬೇಡ ಅನ್ನುವುದು ನನ್ನ ಲೆಕ್ಕ. ಬರೀ ಸಂಖ್ಯೆ ಕೊಡಿ, ಪಿಕ್ಸೆಲ್ ಸೇರಿಸಬೇಡಿ. ಸಂಖ್ಯೆ ಇದ್ದರೆ ಅಕ್ಷರ ದೊಡ್ಡದಾದಂತೆ ಜಾಗವೂ ದೊಡ್ಡದಾಗುತ್ತದೆ, ಪಿಕ್ಸೆಲ್ ಹಾಗೇ ನಿಲ್ಲುತ್ತದೆ. ಡಬ್ಬಿಗೆ ಎತ್ತರ ಕಟ್ಟಿಹಾಕಿ ಓವರ್‌ಫ್ಲೋ ಹಿಡನ್ (ಹೊರಚಾಚಿದ್ದನ್ನು ಮರೆಮಾಡು) ಮಾಡಿದ್ದರೆ ಅದನ್ನೂ ತೆಗೆಯಿರಿ. ಕತ್ತರಿ ಹಾಕುತ್ತಿರುವುದು ಬಹುಶಃ ಅದೇ.

ಟೆಂಪ್ಲೇಟಿನಲ್ಲಿ ಲೆಟರ್-ಸ್ಪೇಸಿಂಗ್ (ಅಕ್ಷರಗಳ ನಡುವೆ ಬಿಡುವ ಅಂತರ) ಇದ್ದರೆ ಸೊನ್ನೆ ಮಾಡಿ. ಇಟಾಲಿಕ್ ಕೂಡ ಬೇಡ. ಕನ್ನಡ ಫಾಂಟುಗಳಲ್ಲಿ ಸಾಮಾನ್ಯವಾಗಿ ಬೇರೆ ಇಟಾಲಿಕ್ ಇರುವುದಿಲ್ಲ, ಬ್ರೌಸರ್ ಇರುವ ಅಕ್ಷರವನ್ನೇ ವಾಲಿಸಿಬಿಡುತ್ತದೆ, ಓದೋಕೆ ಕಷ್ಟ. ಒತ್ತಿ ಹೇಳಬೇಕಾದರೆ ಬೋಲ್ಡ್ ಅಥವಾ ಬಣ್ಣ ಸಾಕು. ಫಾಂಟಿಗೆ ಮೊದಲು ನೋಟೋ ಸಾನ್ಸ್ ಕನ್ನಡ, ಆಮೇಲೆ ವಿಂಡೋಸ್‌ನವರಿಗೆ ನಿರ್ಮಲಾ ಯುಐ, ಕೊನೆಗೆ ಸಾನ್ಸ್-ಸೆರಿಫ್. ಈ ಫಾಂಟ್ ಪಟ್ಟಿಯನ್ನು ಬಾಡಿ ಟ್ಯಾಗಿಗೆ ಒಂದು ಸಲ ಬರೆದರೆ, ಸ್ವಂತ ಫಾಂಟ್ ಕೊಟ್ಟಿರುವ ಜಾಗ ಬಿಟ್ಟು ಇಡೀ ಸೈಟಿಗೆ ಆಯಿತು.

ಮೊದಲ ಪ್ರಶ್ನೆಯವರು: ಮೇಡಂ, ನೀಲಿ ಬಂತು! ಆದರೆ ಅಧ್ಯಕ್ಷರ ಮೊಬೈಲ್‌ನಲ್ಲಿ ಇನ್ನೂ ಹಸಿರೇ ಕಾಣುತ್ತಿದೆಯಂತೆ.

ಉತ್ತರ: ಅವರ ಬ್ರೌಸರ್ ಹಳೇ ಸ್ಟೈಲ್ ಶೀಟನ್ನೇ ಇಟ್ಟುಕೊಂಡಿದೆ. ಒಂದೇ ಫೈಲನ್ನು ಎಲ್ಲ ಪುಟಕ್ಕೂ ಮರುಬಳಕೆ ಮಾಡುವುದರಿಂದಲೇ ಸೈಟು ಬೇಗ ತೆರೆಯುವುದು, ಅದರ ಇನ್ನೊಂದು ಮುಖ ಇದು. ಲಿಂಕಿನಲ್ಲಿ ಫೈಲಿನ ಹೆಸರಾದ ಮೇಲೆ ಪ್ರಶ್ನೆ ಚಿಹ್ನೆ ಹಾಕಿ ವಿ=2 ಅಂತ ಸೇರಿಸಿ, ಬ್ರೌಸರ್ ಅದನ್ನು ಹೊಸ ಫೈಲು ಅಂದುಕೊಂಡು ಮತ್ತೆ ತರುತ್ತದೆ. ಇದಕ್ಕೂ ಫೈಂಡ್ ಅಂಡ್ ರಿಪ್ಲೇಸ್ ಮಾಡಿ, ಧಾರಾಳವಾಗಿ.